ಹೊಟ್ಟೆಯ ಸುತ್ತಳತೆ ಮತ್ತು ಆರೋಗ್ಯ: ಗಂಡಸರಿಗೂ ಹೆಂಗಸರಿಗೂ ಒಂದು ಪಾಠ



ಎತ್ತು ಕೊಳ್ಳಲು ಸಂತೆಗೆ ಹೋದ ರೈತನು ದೂರದಿಂದ ನೋಡಿ ಹಣ ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎದೆಯ ಅಗಲ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಪಶುವೈದ್ಯರು ಮುಂಗಾಲಿನ ಹಿಂದೆ ಎದೆಯ ಸುತ್ತ ಟೇಪು ಹಿಡಿದು, ತಕ್ಕಡಿಯಿಲ್ಲದೆಯೇ ದನದ ತೂಕವನ್ನು ಅಂದಾಜು ಮಾಡುತ್ತಾರೆ. ದನದ ಮೈಯನ್ನು ಇಷ್ಟು ಚೆನ್ನಾಗಿ ಅಳೆಯಬಲ್ಲ ನಾವು ನಮ್ಮ ಮೈಯ ಅಳತೆಯನ್ನು ದರ್ಜಿಯ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಕೇಳುವುದಿಲ್ಲ.

ನಮ್ಮಲ್ಲಿ ಬಹುಮಂದಿ ಗಂಡಸರು ಉಡುದಾರ ಕಟ್ಟುತ್ತಾರೆ. ವಯಸ್ಸು ನಲವತ್ತು ದಾಟುವ ಹೊತ್ತಿಗೆ ಅದು ಬಿಗಿಯಾಗುತ್ತದೆ. ಸಡಿಲಿಸಿ ಕಟ್ಟಿಕೊಳ್ಳುತ್ತೇವೆ. ನೆಂಟರು ನೋಡಿ, "ಈಗ ಅನುಕೂಲವಾಗಿದ್ದೀರಿ, ಮೈ ತುಂಬಿಕೊಂಡಿದೆ" ಎಂದು ಸಂತೋಷಪಡುತ್ತಾರೆ. ಆದರೆ ತುಂಬಿಕೊಂಡದ್ದು ಮೈಯಲ್ಲ, ಹೊಟ್ಟೆ ಮಾತ್ರ. ತೋಳು ಹಾಗೆಯೇ ಇದೆ, ಕಾಲು ಹಾಗೆಯೇ ಇದೆ. ಈ ಅಳತೆಯನ್ನು ಓದಲು ಕಲಿತರೆ, ಮುಂದೆ ಬರಬಹುದಾದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಲಕ್ವಗಳ ಸುಳಿವು ಮೊದಲೇ ಸಿಗುತ್ತದೆ. ಈ ಪಾಠದ ವಿಷಯ ಇದೇ ಆಗಿದೆ.

ಐದರ ಕೂಟ

ಗಟ್ಟಿಮುಟ್ಟಾಗಿದ್ದ ಮನುಷ್ಯ ಒಂದು ಬೆಳಗ್ಗೆ ಗದ್ದೆಯ ಬದುವಿನ ಮೇಲೆ ಕುಸಿದರು, ಆಸ್ಪತ್ರೆಗೆ ಒಯ್ದಾಗ "ಬಿ.ಪಿ., ಸಕ್ಕರೆ ಎರಡೂ ಬಹಳ ದಿನಗಳಿಂದ ಇದ್ದಿರಬೇಕು" ಎಂದು ವೈದ್ಯರು ಹೇಳಿದರು. ಇಂಥ ಮಾತನ್ನು ಕೇಳದ ಊರು ಇಲ್ಲ. ಈ ಕಾಯಿಲೆಗಳು ಮೊದಮೊದಲು ನೋಯುವುದಿಲ್ಲ. ಜ್ವರ ಬರುವುದಿಲ್ಲ, ಹಸಿವು ಕೆಡುವುದಿಲ್ಲ. ಆದುದರಿಂದ ನೋವಿಗಾಗಿ ಕಾದು ಕುಳಿತವನಿಗೆ ಇವು ಗೊತ್ತಾಗುವುದು ಕಟ್ಟಕಡೆಗೆ.

ವೈದ್ಯರು ಐದು ಗುರುತುಗಳನ್ನು ಒಟ್ಟಾಗಿ ನೋಡುತ್ತಾರೆ.

1. ಹೊಟ್ಟೆಯ ಸುತ್ತಳತೆ ಮಿತಿ ಮೀರಿರುವುದು.
2. ರಕ್ತದ ಒತ್ತಡ ಮೇಲಿನದು 130 ಅಥವಾ ಕೆಳಗಿನದು 85, ಇಲ್ಲವೆ ಅದಕ್ಕೂ ಹೆಚ್ಚಾಗಿರುವುದು.
3. ಬೆಳಗ್ಗೆ ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 100 ಅಥವಾ ಅದಕ್ಕೂ ಹೆಚ್ಚಾಗಿರುವುದು.
4. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 150 ಅಥವಾ ಅದಕ್ಕೂ ಹೆಚ್ಚಾಗಿರುವುದು.
5. ಎಚ್.ಡಿ.ಎಲ್. ಎಂಬ ಒಳ್ಳೆಯ ಕೊಬ್ಬು ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಮೆಯಾಗಿರುವುದು.

ಈ ಐದರಲ್ಲಿ ಯಾವುವಾದರೂ ಮೂರು ಒಬ್ಬರಲ್ಲಿಯೇ ಸೇರಿದರೆ ಅದಕ್ಕೆ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ನಾವು ಇಲ್ಲಿ ಐದರ ಕೂಟ ಎನ್ನೋಣ. ಈ ಕೂಟ ಇರುವವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಐದು ಪಟ್ಟು, ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟು. ಐದರಲ್ಲಿ ನಾಲ್ಕನ್ನು ನೋಡಲು ಸೂಜಿ ಬೇಕು ಅಥವಾ ಯಂತ್ರ ಬೇಕು. ಒಂದನ್ನು ಮಾತ್ರ ನಾವೇ ಮನೆಯಲ್ಲಿ ನೋಡಿಕೊಳ್ಳಬಹುದು. ಅದೇ ಹೊಟ್ಟೆಯ ಸುತ್ತಳತೆ.

ಹೊಟ್ಟೆಯ ಕೊಬ್ಬು ಮಾಡುವ ಕೆಲಸ

ಕೊಬ್ಬೆಲ್ಲ ಒಂದೇ ಅಲ್ಲ. ಚರ್ಮದ ಕೆಳಗೆ, ತೊಡೆಯಲ್ಲಿ, ಪೃಷ್ಠದಲ್ಲಿ ಕೂಡುವ ಕೊಬ್ಬು ಕಣಜದಲ್ಲಿಟ್ಟ ರಾಗಿಯ ಹಾಗೆ. ಅದು ತನ್ನ ಪಾಡಿಗೆ ತಾನಿರುತ್ತದೆ. ಹೊಟ್ಟೆಯ ಒಳಗೆ, ಕರುಳಿನ ಸುತ್ತ ಕೂಡುವ ಕೊಬ್ಬು ಹಾಗಲ್ಲ. ಅದು ಸುಮ್ಮನಿರದೆ ಕರಗಿ ಕರಗಿ ರಕ್ತದೊಡನೆ ನೇರವಾಗಿ ಲಿವರಿಗೆ ಹರಿಯುತ್ತದೆ. ಲಿವರಿನಲ್ಲಿಯೂ ಕೊಬ್ಬು ತುಂಬುತ್ತದೆ. ಅಲ್ಲಿಂದ ಕೆಲಸ ಕೆಡಲು ಪ್ರಾರಂಭ.

ನಾಲೆಯ ನೀರನ್ನು ಗದ್ದೆಗೆ ಬಿಡುವವನು ನೀರುಗಂಟಿ. ನಮ್ಮ ದೇಹದಲ್ಲಿ ಇನ್ಸುಲಿನ್ ಎಂಬ ರಸವೇ ನೀರುಗಂಟಿ. ಉಂಡ ಅನ್ನ, ಮುದ್ದೆಗಳಿಂದ ಬಂದ ಸಕ್ಕರೆ ರಕ್ತದ ನಾಲೆಯಲ್ಲಿ ಹರಿಯುತ್ತದೆ. ಇನ್ಸುಲಿನ್ ತೂಬು ಎತ್ತಿ ಅದನ್ನು ಮಾಂಸಖಂಡಗಳಿಗೆ ಬಿಡುತ್ತದೆ. ಹೊಟ್ಟೆಯ ಕೊಬ್ಬು ಹೆಚ್ಚಿದರೆ ತೂಬಿಗೆ ಹೂಳು ಕಟ್ಟಿದಂತಾಗುತ್ತದೆ. ನೀರುಗಂಟಿ ಎರಡರಷ್ಟು ಬಲ ಹಾಕಿ ಎಳೆಯಬೇಕು. ಕೆಲವು ವರ್ಷ ಎಳೆಯುತ್ತಾನೆ, ಆಮೇಲೆ ದಣಿಯುತ್ತಾನೆ. ಗದ್ದೆಗೆ ಹೋಗಬೇಕಾದ ನೀರು ನಾಲೆಯಲ್ಲಿಯೇ ನಿಂತು ಏರಿ ಒಡೆಯುತ್ತದೆ. ರಕ್ತದಲ್ಲಿ ಸಕ್ಕರೆ ಏರುವುದು ಹೀಗೆ. ರಕ್ತದ ಒತ್ತಡವೂ ಕೆಟ್ಟ ಕೊಬ್ಬೂ ಏರುವುದಕ್ಕೆ ಇದೇ ಹೂಳು ಒಂದು ಮುಖ್ಯ ಕಾರಣ.

ಈ ಸಂಗತಿಯನ್ನು ಮೊದಲು ಗಮನಿಸಿದವರಲ್ಲಿ ಫ್ರಾನ್ಸ್ ದೇಶದ ಮಾರ್ಸೇಲ್ಸ್ ನಗರದ ವೈದ್ಯ ಜಾನ್ ವಾಗ್ ಒಬ್ಬರು. ದಪ್ಪಗಿರುವುದಕ್ಕಿಂತ ಮೈಯ ಯಾವ ಭಾಗದಲ್ಲಿ ದಪ್ಪ ಎಂಬುದು ಮುಖ್ಯವೆಂದು ಅವರು 1947ರಲ್ಲಿ ಬರೆದರು. ಅಮೆರಿಕದ ಜೆರಾಲ್ಡ್ ರೀವನ್ ಎಂಬ ವೈದ್ಯರು 1988ರಲ್ಲಿ ಈ ತೊಂದರೆಗಳೆಲ್ಲ ಒಂದೇ ಬೇರಿನಿಂದ ಒಟ್ಟಾಗಿ ಬರುತ್ತವೆ ಎಂಬುದನ್ನು ವಿವರಿಸಿದರು.

ಅಳೆಯುವ ಕ್ರಮ

ದರ್ಜಿಯ ಟೇಪು ಸಾಕು. ಅದರ ಒಂದು ಮುಖದಲ್ಲಿ ಅಂಗುಲ, ಇನ್ನೊಂದರಲ್ಲಿ ಸೆಂಟಿಮೀಟರ್ ಇರುತ್ತದೆ. ಸೆಂಟಿಮೀಟರ್ ಮುಖವನ್ನೇ ನೋಡತಕ್ಕದ್ದು.

1. ಬೆಳಗ್ಗೆ, ಊಟಕ್ಕೆ ಮುಂಚೆ ಅಳೆಯುವುದು ಒಳ್ಳೆಯದು.
2. ಪಾದಗಳನ್ನು ತುಸು ಅಗಲಿಸಿ ನೆಟ್ಟಗೆ ನಿಲ್ಲಿ. ಕೈಗಳು ಸಡಿಲವಾಗಿರಲಿ.
3. ಪಕ್ಕೆಯಲ್ಲಿ ಕಡೆಯ ಪಕ್ಕೆಲುಬನ್ನು ಬೆರಳಿನಿಂದ ಮುಟ್ಟಿ ನೋಡಿ. ಕೆಳಗೆ ಸೊಂಟದ ಮೂಳೆಯ ಮೇಲಂಚನ್ನು ಮುಟ್ಟಿ ನೋಡಿ. ಇವೆರಡರ ನಟ್ಟನಡುವೆ ಗುರುತು ಮಾಡಿ. ಅಳತೆಯ ಜಾಗ ಇದೇ.
4. ಟೇಪನ್ನು ಬರಿಮೈ ಮೇಲೆ ಅಥವಾ ಒಂದೇ ತೆಳುಬಟ್ಟೆಯ ಮೇಲೆ ಸುತ್ತಿ. ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಲಿ. ತಾಗಿರಬೇಕು, ಒತ್ತಿರಬಾರದು.
5. ಸಹಜವಾಗಿ ಉಸಿರು ಬಿಟ್ಟು, ಆ ಕೊನೆಯಲ್ಲಿ ಅಂಕೆ ಓದಿ. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಮೋಸ ಹೋಗುವವರು ನಾವೇ.

ಪಂಚೆಯ ಗಂಟು, ಪ್ಯಾಂಟಿನ ಬೆಲ್ಟು, ಲಂಗದ ಲಾಡಿ ಇರುವ ಜಾಗ ಅಳತೆಯ ಜಾಗವಲ್ಲ. ಹೊಟ್ಟೆ ಬಂದವರು ಬೆಲ್ಟನ್ನು ಹೊಟ್ಟೆಯ ಕೆಳಗಿಳಿಸಿ ಕಟ್ಟುತ್ತಾರೆ. ಆದುದರಿಂದ ಪ್ಯಾಂಟಿನ ಅಳತೆ ಹತ್ತು ವರ್ಷದಿಂದ ಒಂದೇ ಇದ್ದರೂ ಹೊಟ್ಟೆ ಬೆಳೆದಿರಬಹುದು. ಸೀರೆಯ ನೆರಿಗೆಯ ಮೇಲೆ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಹೆಂಗಸರಿಗೆ ಹೆಂಗಸರೇ, ಮರೆಯಲ್ಲಿ ಅಳೆಯಬೇಕು.

ಟೇಪು ಇಲ್ಲದ ಮನೆಯಲ್ಲಿ ಒಂದು ದಾರ ಸಾಕು. ಅಂಗಾಲಿನಿಂದ ನೆತ್ತಿಯವರೆಗೆ ನಿಮ್ಮ ಎತ್ತರಕ್ಕೆ ಸರಿಯಾಗಿ ದಾರ ಕತ್ತರಿಸಿ. ಅದನ್ನು ಎರಡಾಗಿ ಮಡಿಸಿ. ಆ ಅರ್ಧವನ್ನು ಮೇಲೆ ಹೇಳಿದ ಜಾಗದಲ್ಲಿ ಹೊಟ್ಟೆಗೆ ಸುತ್ತಿ. ಎರಡು ತುದಿಗಳು ಕೂಡಿದರೆ ಕ್ಷೇಮ. ಕೂಡದಿದ್ದರೆ ನಿಮ್ಮ ಹೊಟ್ಟೆ ನಿಮ್ಮ ಎತ್ತರದ ಅರ್ಧವನ್ನು ಮೀರಿದೆ ಎಂದರ್ಥ. ಈ ದಾರದ ಅಳತೆ ಗಂಡಸರಿಗೂ ಹೆಂಗಸರಿಗೂ ಒಂದೇ.

ಗಂಡಸರ ಗೆರೆ, ಹೆಂಗಸರ ಗೆರೆ

ಟೇಪಿನ ಅಳತೆಗೆ ಮಾತ್ರ ಗೆರೆ ಬೇರೆ ಬೇರೆ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಅಂದರೆ ಸುಮಾರು 35½ ಅಂಗುಲ. ಹೆಂಗಸರಲ್ಲಿ 80 ಸೆಂಟಿಮೀಟರ್, ಅಂದರೆ ಸುಮಾರು 31½ ಅಂಗುಲ.

ಹೆಂಗಸರ ಮೈಕಟ್ಟು ಚಿಕ್ಕದು, ಆದ್ದರಿಂದ ಗೆರೆಯೂ ಕೆಳಗಿದೆ. ಹೆರುವ ವಯಸ್ಸಿನಲ್ಲಿ ಅವರ ಕೊಬ್ಬು ಹೆಚ್ಚಾಗಿ ತೊಡೆ, ಪೃಷ್ಠಗಳಲ್ಲಿ ಕೂಡುತ್ತದೆ. ಅದು ಬಸಿರು ಬಾಣಂತನಗಳಿಗೆ ಪ್ರಕೃತಿ ಕೂಡಿಟ್ಟ ಗಂಟು. ಮುಟ್ಟು ನಿಂತ ಮೇಲೆ ಈ ಏರ್ಪಾಡು ಬದಲಾಗಿ ಕೊಬ್ಬು ಹೊಟ್ಟೆಗೆ ಸೇರತೊಡಗುತ್ತದೆ. ಆಗ ಹೆಂಗಸಿನ ಅಪಾಯ ಗಂಡಸಿನ ಅಪಾಯದ ಹತ್ತಿರಕ್ಕೆ ಬರುತ್ತದೆ. "ಮಕ್ಕಳಾದ ಮೇಲೆ ಹೊಟ್ಟೆ ಇದ್ದದ್ದೇ" ಎಂದು ಐವತ್ತರ ತಾಯಂದಿರು ಅಲಕ್ಷ್ಯ ಮಾಡಬಾರದು.

ಮೂರನೆಯ ಅಳತೆಯೊಂದಿದೆ. ಹೊಟ್ಟೆಯ ಸುತ್ತಳತೆಯನ್ನು ಪೃಷ್ಠದ ಅತಿ ಅಗಲವಾದ ಜಾಗದ ಸುತ್ತಳತೆಯಿಂದ ಭಾಗಿಸುವುದು. ಗಂಡಸರಲ್ಲಿ 0.90, ಹೆಂಗಸರಲ್ಲಿ 0.85 ಮುಟ್ಟಿದರೆ ಅಪಾಯವೆಂದು ಲೆಕ್ಕ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಅಳತೆ ತೆಗೆದರು. ದೇಶದಲ್ಲಿ ನೂರಕ್ಕೆ ಸುಮಾರು 57 ಮಂದಿ ಹೆಂಗಸರೂ 48 ಮಂದಿ ಗಂಡಸರೂ ಗೆರೆಯನ್ನು ಮುಟ್ಟಿದ್ದರು ಅಥವಾ ಮೀರಿದ್ದರು. ಇದು ಪೇಟೆಯ ಸಾಹುಕಾರರ ಕಾಯಿಲೆ ಎಂಬ ಮಾತು ಇನ್ನು ನಿಲ್ಲುವುದಿಲ್ಲ.

ತಕ್ಕಡಿಯೊಂದೇ ಏಕೆ ಸಾಲದು

ಉದಾಹರಣೆಗಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡನಿಗೆ 48 ವರ್ಷ, ಎತ್ತರ 165 ಸೆಂಟಿಮೀಟರ್, ತೂಕ 61 ಕಿಲೋ. ಹೆಂಡತಿಗೆ 42 ವರ್ಷ, ಎತ್ತರ 150, ತೂಕ 56. ಊರಿನವರ ಕಣ್ಣಿಗೆ ಆತ ಸಣ್ಣ, ಆಕೆ ದಪ್ಪ. ತೂಕವನ್ನು ಎತ್ತರದ ಮೀಟರಿನಿಂದ ಎರಡು ಸಲ ಭಾಗಿಸುವ ಬಿ.ಎಂ.ಐ. ಲೆಕ್ಕವೂ ಹಾಗೆಯೇ ಹೇಳುತ್ತದೆ. ಆತನದು 22.4, ಆಕೆಯದು 24.9. ಭಾರತೀಯರಿಗೆ 23ರಿಂದ ಮೇಲೆ ತೂಕ ಹೆಚ್ಚೆಂದು ಲೆಕ್ಕ. ಆತ ಪಾರು, ಆಕೆ ಇಲ್ಲ.

ಈಗ ಟೇಪು ಹಿಡಿಯೋಣ. ಗಂಡನ ಹೊಟ್ಟೆ 92, ಪೃಷ್ಠ 91. ಹೆಂಡತಿಯ ಹೊಟ್ಟೆ 74, ಪೃಷ್ಠ 98. ಆತ 90ರ ಗೆರೆ ದಾಟಿದ್ದಾನೆ, ಎತ್ತರದ ಅರ್ಧವಾದ 82½ನ್ನೂ ದಾಟಿದ್ದಾನೆ, ಭಾಗಲಬ್ಧ 1.01. ಆಕೆ 80ರ ಒಳಗಿದ್ದಾಳೆ, ಎತ್ತರದ ಅರ್ಧವಾದ 75ರ ಒಳಗೂ ಇದ್ದಾಳೆ, ಭಾಗಲಬ್ಧ 0.76. ಆರೋಗ್ಯ ಕೇಂದ್ರಕ್ಕೆ ಹೋಗಿ ನೋಡಿಸಿದಾಗ ಆತನ ರಕ್ತದ ಒತ್ತಡ 138ಕ್ಕೆ 88, ಬರಿಹೊಟ್ಟೆಯ ಸಕ್ಕರೆ 112 ಬಂತೆನ್ನೋಣ. ಹೊಟ್ಟೆ ಒಂದು, ಒತ್ತಡ ಎರಡು, ಸಕ್ಕರೆ ಮೂರು. ಕೂಟ ಸೇರಿತು! ಇನ್ನೂ ಸಕ್ಕರೆ ಕಾಯಿಲೆ ಆಗಿಲ್ಲ, ಅದರ ಹೊಸ್ತಿಲಿನಲ್ಲಿ ನಿಂತಿದ್ದಾನೆ. ಹಿಂತಿರುಗಲು ಇದೇ ಸಮಯ. ಆಕೆಯೂ ತೂಕದ ಮೇಲೆ ಕಣ್ಣಿಡಬೇಕಾದ್ದೇ. ಆದರೆ ಆ ಮನೆಯಲ್ಲಿ ಮೊದಲು ಆಸ್ಪತ್ರೆಗೆ ಹೋಗಬೇಕಾದವನು ಊರೆಲ್ಲ "ಸಣ್ಣ" ಎನ್ನುವ ಗಂಡ.

ಮೈಸೂರಿನ ಆಸ್ಪತ್ರೆಯ ಹಳೆಯ ದಫ್ತರ

ಸಣ್ಣ ಮೈ, ದೊಡ್ಡ ಹೊಟ್ಟೆ ಎಂಬ ಈ ಮೈಕಟ್ಟು ನಮ್ಮಲ್ಲಿ ಹೆಚ್ಚು. ಅದರ ಬೇರು ಎಷ್ಟು ಹಿಂದಿನದೆಂದು ತಿಳಿಯಲು ಸಹಾಯ ಮಾಡಿದ್ದು ನಮ್ಮ ನೆರೆಯ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಹಳಬರು ಇದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದಲೂ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅಳೆದು ದಫ್ತರದಲ್ಲಿ ಬರೆದಿಟ್ಟಿದ್ದರು.

ಅರ್ಧ ಶತಮಾನದ ಮೇಲೆ ಸಂಶೋಧಕರು ಆ ದಫ್ತರ ತೆರೆದು, 1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿ ಇನ್ನೂ ಆಸ್ಪತ್ರೆಯ ಸಮೀಪದಲ್ಲಿಯೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ 2½ ಕಿಲೋ ಅಥವಾ ಅದಕ್ಕೂ ಕಡಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಸಕ್ಕರೆ ಕಾಯಿಲೆಯ ಲೆಕ್ಕ 1998ರಲ್ಲಿ ಬಂತು. ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಮೀರಿ ದಪ್ಪಗಿದ್ದವರಲ್ಲಿ ಅದು ಹೆಚ್ಚಾಗಿತ್ತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರಾಗಿದ್ದವರ ಮಕ್ಕಳನ್ನು ಅಳೆದಾಗ, ಇಂಗ್ಲೆಂಡಿನ ಮಕ್ಕಳಿಗಿಂತ ನಮ್ಮ ಕೂಸುಗಳು ಎಲ್ಲದರಲ್ಲಿಯೂ ಚಿಕ್ಕವು; ಆದರೆ ಹೆಗಲಮೂಳೆಯ ಕೆಳಗಿನ ಕೊಬ್ಬಿನ ಮಡಿಕೆ ಮಾತ್ರ ಅಷ್ಟು ಕಡಮೆಯಾಗಿರಲಿಲ್ಲ.

ಅಂದರೆ ನಮ್ಮ ಮಕ್ಕಳು ಹುಟ್ಟುವಾಗಲೇ ಮಾಂಸ ಕಡಮೆ, ನಡುಮೈಯ ಕೊಬ್ಬು ಅದಕ್ಕೆ ಮೀರಿ ಇಟ್ಟುಕೊಂಡು ಬರುತ್ತವೆ. ಅದಕ್ಕಾಗಿಯೇ ಯೂರೋಪಿನ ಗಂಡಸರಿಗೆ ಇಟ್ಟ ಗೆರೆ ನಮಗೆ ಹೊಂದುವುದಿಲ್ಲ, ನಮ್ಮ ಗೆರೆ ಅದಕ್ಕಿಂತ ಕೆಳಗಿದೆ. ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಬಸುರಿ ಸೊಸೆಗೆ ಹೊಟ್ಟೆತುಂಬ ಒಳ್ಳೆಯ ಊಟ ಕೊಡುವುದು, ಭಾರದ ಕೆಲಸ ತಪ್ಪಿಸುವುದು ಮೊಮ್ಮಗನ ನಲವತ್ತನೆಯ ವಯಸ್ಸಿನ ಆರೋಗ್ಯಕ್ಕೂ ಬೇಕಾದದ್ದು.

ಆಶಾ ಕಾರ್ಯಕರ್ತೆಯ ಟೇಪು

30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಒಂದು ನಮೂನೆ ಹಿಡಿದು ಬರುತ್ತಾರೆ. ವಯಸ್ಸು, ಬೀಡಿ-ಹೊಗೆಸೊಪ್ಪು, ಕುಡಿತ, ಮೈದಣಿಕೆ, ಮನೆತನದಲ್ಲಿ ಸಕ್ಕರೆ ಅಥವಾ ಬಿ.ಪಿ. ಇದೆಯೇ ಎಂದು ಕೇಳುತ್ತಾರೆ. ಜೊತೆಗೆ ಹೊಟ್ಟೆಯ ಸುತ್ತಳತೆಯನ್ನೂ ತೆಗೆಯುತ್ತಾರೆ. ಗಂಡಸರಿಗೆ 90ರವರೆಗೆ, ಹೆಂಗಸರಿಗೆ 80ರವರೆಗೆ ಅಂಕ ಸೊನ್ನೆ. ಅಲ್ಲಿಂದ ಹತ್ತು ಸೆಂಟಿಮೀಟರಿನವರೆಗೆ ಒಂದು ಅಂಕ. ಅದಕ್ಕೂ ಮೀರಿದರೆ ಎರಡು. ಎಲ್ಲ ಸೇರಿ 4ಕ್ಕಿಂತ ಹೆಚ್ಚು ಬಂದವರನ್ನು ಮೊದಲು ಪರೀಕ್ಷೆಗೆ ಕರೆಯುತ್ತಾರೆ.

ಗಂಡಸರು ಈ ಸಮಯದಲ್ಲಿ ಹೊಲದಲ್ಲಿಯೋ ಟೀ ಅಂಗಡಿಯಲ್ಲಿಯೋ ಇರುತ್ತಾರೆ. ಕೆಲವರು ಮನೆಯಲ್ಲಿದ್ದರೂ "ನನಗೇನಾಗಿದೆ ಅಳೆಯೋದಕ್ಕೆ?" ಎಂದು ನಗುತ್ತಾರೆ. ಹೀಗೆ ಮಾಡಬಾರದು. ಆ ತಾಯಿ ಬಿಸಿಲಿನಲ್ಲಿ ಮನೆಮನೆ ತಿರುಗುವುದು ನಮ್ಮ ಹಿತಕ್ಕಾಗಿ. ಎರಡು ನಿಮಿಷ ನಿಂತು ಅಳತೆ ಕೊಡಿ. ನಾಚಿಕೆಯಾದರೆ ಮನೆಯಲ್ಲಿಯೇ ಅಳೆದು ಅಂಕೆ ಹೇಳಿ.

ಗೆರೆ ದಾಟಿದ್ದರೆ ಏನು ಮಾಡಬೇಕು

ಮೊದಲನೆಯದು, ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದ ಒತ್ತಡ, ಸಕ್ಕರೆ ನೋಡಿಸುವುದು. ಬರಿಹೊಟ್ಟೆಯ ಪರೀಕ್ಷೆಗೆ ರಾತ್ರಿ ಊಟವಾದ ಮೇಲೆ ಎಂಟು ಗಂಟೆ ನೀರಲ್ಲದೆ ಬೇರೇನೂ ಕುಡಿಯಬಾರದು, ಟೀಯೂ ಕೂಡದು.

ಎರಡನೆಯದು ಮೈದಣಿಕೆ. "ಹೊಲದಲ್ಲಿ ದುಡಿಯುವವನಿಗೆ ನಡಿಗೆ ಏಕೆ?" ಎಂದು ಕೇಳುವಿರಿ. ತಂದೆಯವರು ಕಪಿಲೆ ಹೊಡೆದರು, ನಾವು ಮೋಟಾರಿನ ಗುಂಡಿ ಒತ್ತುತ್ತೇವೆ. ಅವರು ನೇಗಿಲ ಹಿಂದೆ ನಡೆದರು, ನಾವು ಟ್ರ್ಯಾಕ್ಟರಿಗೆ ಬಾಡಿಗೆ ಕೊಡುತ್ತೇವೆ. ಹೊಲಕ್ಕೆ ಹೋಗುವುದೂ ಬೈಕಿನಲ್ಲಿ. ಯಳಂದೂರಿನ ನಾಲೆ ಬಯಲಿನಲ್ಲಿ ನಾಟಿ, ಕೊಯ್ಲುಗಳ ನಡುವೆ ಬಿಡುವು ಉಂಟು. ಹನೂರಿನ ಮಳೆಯಾಶ್ರಿತ ಹೊಲದಲ್ಲಿ ಬೇಸಿಗೆಯೆಲ್ಲ ಬಿಡುವು. ಕೊಳ್ಳೇಗಾಲದ ರೇಷ್ಮೆ ಮಗ್ಗದವರಿಗೆ ದಿನವಿಡೀ ಕುಳಿತ ಕೆಲಸ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಕಾಲು ಉಳಿದ ದಿನಗಳಲ್ಲಿಯೂ ನಡೆಯಲಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನವಾದರೂ ಬಿರುಸಾಗಿ ನಡೆಯಬೇಕು.

ಮೂರನೆಯದು ಊಟ. ರಾಗಿ ಒಳ್ಳೆಯದೆಂದು ಮುದ್ದೆಯ ಗಾತ್ರಕ್ಕೆ ಮಿತಿ ಬೇಡವೆಂದಲ್ಲ. ದುಡಿಮೆ ಕಡಮೆಯಾದ ದಿನ ಮುದ್ದೆಯೂ ಅನ್ನವೂ ಚಿಕ್ಕದಾಗಲಿ. ಬಸ್ಸಾರಿನ ಸೊಪ್ಪು, ಹುರುಳಿ, ಅವರೆ, ತರಕಾರಿ ಹೆಚ್ಚಲಿ. ದಿನಕ್ಕೆ ಐದಾರು ಟೀಯ ಸಕ್ಕರೆ ಎಷ್ಟಾಯಿತೆಂದು ಒಮ್ಮೆ ಲೆಕ್ಕ ಹಾಕಿ. ಬೋಂಡ, ಬೇಕರಿ ತಿಂಡಿ, ಬಣ್ಣದ ಪಾನೀಯಗಳು ಹಬ್ಬ ಜಾತ್ರೆಗಿರಲಿ. ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಮೆ. ಹೊಗೆಸೊಪ್ಪು, ಸಾರಾಯಿ ಬಿಟ್ಟರೆ ಅರ್ಧ ಕೆಲಸವಾದಂತೆಯೇ.

ಇದರಿಂದ ಪ್ರಯೋಜನ ಉಂಟೇ? ಉಂಟು. ಚೆನ್ನೈಯಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಿನಲ್ಲಿದ್ದವರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಲೆಕ್ಕ ಪ್ರಕಟಿಸಿದರು. ಏನೂ ಬದಲಾಯಿಸಿಕೊಳ್ಳದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ನಡಿಗೆ, ಊಟಗಳನ್ನು ಸರಿಪಡಿಸಿಕೊಂಡವರಲ್ಲಿ ನೂರಕ್ಕೆ 39 ಮಂದಿಗೆ. ನೂರರಲ್ಲಿ ಹದಿನಾರು ಮಂದಿ ಮಾತ್ರೆಯಿಲ್ಲದೆ ಉಳಿದುಕೊಂಡರು. ಅವರ ತೂಕವೇನೂ ಇಳಿದಿರಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ಎಚ್ಚರಿಕೆ

ಅಳತೆ ಒಂದು ಸುಳಿವು, ತೀರ್ಪಲ್ಲ. ಗೆರೆ ದಾಟಿದವರಿಗೆಲ್ಲ ಕಾಯಿಲೆ ಇರುವುದಿಲ್ಲ; ಗೆರೆಯೊಳಗೆ ಇದ್ದವರಿಗೆಲ್ಲ ಇಲ್ಲವೆಂದೂ ಅಲ್ಲ. 30 ದಾಟಿದವರೆಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು. ಬಸುರಿಯರಿಗೆ ಈ ಅಳತೆ ಅನ್ವಯಿಸುವುದಿಲ್ಲ. ಮಕ್ಕಳಿಗೆ 90, 80ರ ಗೆರೆ ಹೊಂದುವುದಿಲ್ಲ. ಮೊದಲೇ ಬಡಕಲಾಗಿರುವವರು ಹೆದರಿ ಊಟ ಬಿಡಬಾರದು. ಹೊಟ್ಟೆ ಇದ್ದಕ್ಕಿದ್ದಂತೆ ಉಬ್ಬಿದರೆ, ಕಾಲು ಊದಿಕೊಂಡರೆ ಅದು ಕೊಬ್ಬಲ್ಲದೆ ನೀರೂ ಆಗಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ವೈದ್ಯರು ಈಗಾಗಲೇ ಮಾತ್ರೆ ಕೊಟ್ಟಿದ್ದರೆ, ಹೊಟ್ಟೆ ಇಳಿಯಿತೆಂದು ತಾವೇ ನಿಲ್ಲಿಸಬಾರದು.

ಹೊಲದ ಬದು ಒಡೆಯುವ ಮುನ್ನವೇ ಮಣ್ಣು ಹಾಕುವವನು ರೈತ. ಒಡೆದ ಮೇಲೆ ಮಣ್ಣೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ಲಕ್ವ ಹೊಡೆದ ಮೇಲೆ ಮನೆಯವರು ಹಸು ಮಾರಿ, ಹೊಲ ಅಡವಿಟ್ಟು ಆಸ್ಪತ್ರೆಗೆ ಸುರಿಯುವುದನ್ನು ಕಂಡಿದ್ದೇವೆ. ಅದಕ್ಕೆ ಮುಂಚೆ ಬೇಕಾದದ್ದು ಒಂದು ಮೊಳೆಗೆ ನೇತುಹಾಕಿದ ಟೇಪು ಮಾತ್ರ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮನೆಯ ಹಿರಿಯರೆಲ್ಲ ಅಳೆದು ಪಂಚಾಂಗದ ಹಿಂಬದಿಯಲ್ಲಿ ಬರೆದಿಡಿ.

ಸಂಘದ ಸಭೆಯಲ್ಲಿ ಚರ್ಚೆಗೆ

1. ಐದರ ಕೂಟದ ಐದು ಗುರುತುಗಳು ಯಾವುವು? ಎಷ್ಟು ಸೇರಿದರೆ ಕೂಟವಾಗುತ್ತದೆ?
2. ಟೇಪು ಹಿಡಿಯುವ ಸರಿಯಾದ ಜಾಗ ಯಾವುದು? ಒಬ್ಬರು ತಮ್ಮ ಮೈ ಮೇಲೆ ತೋರಿಸಲಿ.
3. ದಾರದ ಅಳತೆಯನ್ನು ಎಲ್ಲರೂ ಮಾಡಿ ನೋಡಿ. ತುದಿ ಕೂಡದವರು ಈ ವಾರ ಯಾವ ದಿನ ಆರೋಗ್ಯ ಕೇಂದ್ರಕ್ಕೆ ಹೋಗುವರೆಂದು ಸಭೆಯಲ್ಲಿಯೇ ಗೊತ್ತುಮಾಡಿ.
4. ನಮ್ಮ ಊರಿನ ಗಂಡಸರು ಪರೀಕ್ಷೆಗೆ ಬರುವಂತೆ ಮಾಡಲು ಏನು ಮಾಡಬಹುದು?